ಬೀಗರು ಕೊಟ್ಟ ವಾಚು
ಎಪ್ಪತ್ತರ ದಶಕದಲ್ಲಿ ನಮ್ಮ ಕಡೆ ಅಳಿಯನ ಕೈಗೆ ವಾಚು ಕಟ್ಟದೆ ಮದುವೆ ಮುಗಿಯುತ್ತಿರಲಿಲ್ಲ. ನನ್ನ ಮದುವೆಗೆ ಅಪ್ಪ ದೇವದುರ್ಗದಿಂದ ರಾಯಚೂರಿಗೆ ಹೋಗಿ, ಅಂಗಡಿಯಲ್ಲಿದ್ದ ವಾಚುಗಳನ್ನು ಒಂದೊಂದಾಗಿ ಕಿವಿಗೆ ಹಿಡಿದು ಕೇಳಿ ಆರಿಸಿ ತಂದಿದ್ದರು. ದಿನಾ ಚಾವಿ ಕೊಡಬೇಕಾದ ವಾಚು.

ಮಾನ್ವಿ ಊರಿನಲ್ಲಿದ್ದ ಗಂಡನ ಮನೆಗೆ ನಾನು ಬಂದ ಕೆಲವೇ ತಿಂಗಳಲ್ಲಿ ಅದು ಆಟ ಶುರು ಮಾಡಿತು. ಹೊತ್ತಿಲ್ಲದ ಹೊತ್ತಿನಲ್ಲಿ ನಿಲ್ಲುವುದು, ಕೈ ಝಾಡಿಸಿದರೆ ಓಡುವುದು. ನನ್ನ ಗಂಡ ಶಾಲೆಯ ಮಾಸ್ತರರು. ಒಂದು ದಿನ ಅದನ್ನೇ ನಂಬಿ ಊಟದ ಗಂಟೆ ತಡವಾಗಿ ಬಾರಿಸಿ, ಹಸಿದ ಹುಡುಗರ ಗಲಾಟೆ ಕೇಳಿ ಬಂದರು. ಅದನ್ನು ಹೇಳಿಕೊಂಡು ಅವರೇ ನಕ್ಕರು. ಅತ್ತೆ ನಗಲಿಲ್ಲ.

“ಬೀಗ್ರು ಯಾವ್ದೋ ಹಳೇ ವಾಚಿಗಿ ಪಾಲೀಶ್ ಹೊಡಿಸಿ ಕೊಟ್ಟಾರ ನೋಡು.”

ನನಗೆ ಮೈಯೆಲ್ಲ ಉರಿಯಿತು. ನನ್ನ ಅಡುಗೆಗೆ ಏನಾದರೂ ಅನ್ನಲಿ, ಅಪ್ಪನಿಗೆ ಅನ್ನುವುದೇ? ಯುಗಾದಿಗೆ ಅಪ್ಪ ಬರುವವರಿದ್ದರು. ಅಷ್ಟರೊಳಗೆ ವಾಚು ಸರಿಹೋಗದಿದ್ದರೆ ಈ ಮಾತು ಅವರ ಕಿವಿಗೂ ಬೀಳುವುದು ಖಂಡಿತವಿತ್ತು.

ನಾನೇ ಪತ್ತೇದಾರಿಕೆಗೆ ಇಳಿದೆ. ಮೊದಲು, ಸರಿಯಾಗಿ ಚಾವಿ ಕೊಡುತ್ತಿಲ್ಲವೆಂದು ಗಂಡನನ್ನು ದೂರಿದೆ. ನಾನೇ ಕೊಟ್ಟು ನೋಡಿದರೂ ನಿಂತಿತು. ಆಮೇಲೆ ಸೀಮೆಸುಣ್ಣದ ಪುಡಿಯ ಮೇಲೆ ಅನುಮಾನ ಬಂತು. ಪಾಠ ಹೇಳುವಾಗ ಬಿಚ್ಚಿ ಜೇಬಿನಲ್ಲಿಟ್ಟುಕೊಳ್ಳಿ ಎಂದೆ. ಆಗಲೂ ನಿಂತಿತು. ಅತ್ತೆಯದು ಬೇರೆಯೇ ಔಷಧ. ದಿನಾ ಪೂಜೆಯಾದ ಮೇಲೆ ಅವರು ಹೊಸ್ತಿಲು, ಒಲೆ, ತಿಜೋರಿಗೆಲ್ಲ ವಿಭೂತಿ ಎಳೆಯುತ್ತಿದ್ದರು. ವಾಚೂ ಆ ಸಾಲಿನಲ್ಲಿತ್ತು. ಹಳೆಯದಾದರೇನು, ಶಿವನ ದಯೆಯಿಂದಾದರೂ ನಡೆಯಲಿ ಎಂದು ಈಗ ಅದಕ್ಕೆ ಇನ್ನಷ್ಟು ದಪ್ಪಗೆ ಎಳೆಯತೊಡಗಿದರು.

ಕೊನೆಗೆ ಅತ್ತೆಯನ್ನೇ ಕರೆದುಕೊಂಡು ರಾಯಚೂರಿನ ಬಸ್ಸು ಹತ್ತಿದೆ. ರಿಪೇರಿಯವರು ಏನು ಹೇಳಿದರೂ ಅವರ ಎದುರಿಗೇ ಹೇಳಲಿ ಎಂಬ ಹಟ ನನ್ನದು. ನಿಜಕ್ಕೂ ಹಳೆಯದೇ ಆಗಿದ್ದರೆ ಎಂಬ ಹೆದರಿಕೆಯೂ ಒಳಗೊಳಗೇ ಇತ್ತು.

ಅಂಗಡಿಯ ಸಾಹೇಬರು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಹಿಂದಿನ ಮುಚ್ಚಳ ತೆಗೆದರು.

“ವಾಚು ಹೊಸಾದೇ ಅದರೀ. ಚಾವಿ ಸಂದಿಲೆ ಏನೋ ಬಿಳಿ ಪುಡಿ ಒಳಗ ಹೋಗಿ ಗಾಲಿ ಹಿಡದದ. ನಿಮ್ದು ಹಿಟ್ಟಿನ ಗಿರಣಿ ಅದ ಏನ್ರೀ ಅಮ್ಮಾ?”

ಸಣ್ಣ ಬ್ರಷ್ಷಿನಿಂದ ಆ ಪುಡಿಯನ್ನು ಕಾಗದದ ಮೇಲೆ ಉದುರಿಸಿದರು. ಅತ್ತೆ ಬೆರಳಿಂದ ಒತ್ತಿ ತಿಕ್ಕಿ, ಮೂಸಿ ನೋಡಿದರು. ಮುಖ ಸಣ್ಣದಾಯಿತು. ನಾನು ಸೆರಗು ಬಾಯಿಗಿಟ್ಟುಕೊಂಡು ನಗು ತಡೆದೆ. ಸಾಹೇಬರು ಕಾಗದ ಝಾಡಿಸಲು ಕೈ ಎತ್ತಿದರು.

“ತಡೀರಿ ಸಾಹೇಬ್ರ, ಚೆಲ್ಲಬ್ಯಾಡ್ರಿ. ನಮ್ಮ ಮನಿ ವಿಭೂತಿ ಅದು,” ಎಂದು ಅತ್ತೆ ಅಷ್ಟನ್ನೂ ಬೆರಳಿಗೆ ತೆಗೆದುಕೊಂಡು ಹಣೆಗೆ ಹಚ್ಚಿಕೊಂಡರು.

ಯುಗಾದಿಗೆ ಬಂದ ಅಪ್ಪನ ಕಣ್ಣು ಮೊದಲು ಹೋದದ್ದು ಅಳಿಯನ ಮಣಿಕಟ್ಟಿಗೇ.

“ವಾಚು ಬರೋಬರಿ ನಡೀತದೇನ್ರೀ?”

ಗಂಡ ಬಾಯಿ ತೆರೆಯುವ ಮೊದಲೇ ಅತ್ತೆ ಬೇವಿನ ಬಟ್ಟಲು ಹಿಡಿದು ಬಂದರು.

“ಭೇಷ್ ನಡೀತದ್ರಿ ಬೀಗ್ರ. ನಡುವ ನಿಲ್ಲಾಕತ್ತಿತ್ತು, ನಾ ನಿಮ್ಮನ್ನ ಅಂದುಬಿಟ್ಟೆ. ನೋಡಿದ್ರ ನಾನೇ ವಿಭೂತಿ ತಿನ್ಸಿ ತಿನ್ಸಿ ಅದರ ಉಸುರು ಕಟ್ಸಿದ್ದೆ!”

ಅಪ್ಪ ಬಿದ್ದು ಬಿದ್ದು ನಕ್ಕರು. ಅತ್ತೆ ತಾವಾಗಿಯೇ ಅಷ್ಟು ಹೇಳುತ್ತಾರೆಂದು ನಾನು ಎಣಿಸಿರಲಿಲ್ಲ. ಅವತ್ತು ಅವರ ಹೋಳಿಗೆಯ ಮೇಲೆ ಕೈ ಬಿಚ್ಚಿ ತುಪ್ಪ ಸುರಿದೆ.