ಬಾಣಗಳಿಲ್ಲದ ಕೀಬೋರ್ಡ್

ಆಸ್ಪತ್ರೆಯ ಎಕ್ಸ್‌ರೇ ವಿಭಾಗದಲ್ಲಿ ವೈದ್ಯರು ಹೇಳಿದ ವರದಿಗಳನ್ನು ಇಪ್ಪತ್ತಾರು ವರ್ಷಗಳಿಂದ ಟೈಪ್ ಮಾಡುತ್ತಿದ್ದ ಆಕೆಯನ್ನು ಎಲ್ಲರೂ ಟೈಪಿಸ್ಟಮ್ಮ ಎಂದೇ ಕರೆಯುತ್ತಿದ್ದರು. ಬಲಭುಜ ನೋಯತೊಡಗಿದಾಗ ಫಿಸಿಯೋಥೆರಪಿಸ್ಟ್ ಬಂದು ಆಕೆಯ ಮೇಜು ನೋಡಿದಳು. "ಕೀಬೋರ್ಡ್ ಇಷ್ಟುದ್ದ ಇದೆ. ಮೌಸ್ ಹಿಡಿಯೋಕೆ ಪ್ರತಿಸಲ ಕೈ ಚಾಚ್ತೀರಿ. ಚಿಕ್ಕದು ತಗೊಳ್ಳಿ," ಎಂದಳು.

ಚಿಕ್ಕದರಲ್ಲಿ ಇಷ್ಟೊಂದು ಬಗೆ ಇರುತ್ತದೆಂದು ಟೈಪಿಸ್ಟಮ್ಮನಿಗೆ ಗೊತ್ತಿರಲಿಲ್ಲ.

"ಅರವತ್ತು ಪರ್ಸೆಂಟಾ, ಅರವತ್ತೈದಾ, ಎಪ್ಪತ್ತೈದಾ?" ಅಂಗಡಿಯವನು ಕೇಳಿದ.

"ಅಷ್ಟೊಂದು ಡಿಸ್ಕೌಂಟಾ?"

"ಡಿಸ್ಕೌಂಟ್ ಅಲ್ಲಮ್ಮ, ಸೈಜು. ಇವೆಲ್ಲ ಮೆಕ್ಯಾನಿಕಲ್ಲು, ಒಂದೊಂದು ಕೀಗೂ ಒಂದೊಂದು ಸ್ವಿಚ್ಚು. ಟಕಟಕ ಅನ್ನೋದು ಬೇಕಾ, ಮೆತ್ತಗೆ ಇಳಿಯೋದಾ?"

ಆಕೆಗೆ ತಲೆಬುಡ ತಿಳಿಯಲಿಲ್ಲ. ಎಲ್ಲಕ್ಕಿಂತ ಚಿಕ್ಕದನ್ನು ತೋರಿಸಿ, ಕಟ್ಟಿಸಿಕೊಂಡು ಬಂದಳು.

ಅದರ ಬಲಗಡೆ ಅಂಕಿಗಳ ಗುಂಪಿರಲಿಲ್ಲ. ಬಾಣದ ಕೀಗಳೂ ಇರಲಿಲ್ಲ. ಮೂಲೆಯ ಒಂದು ಕೀ ಒತ್ತಿಹಿಡಿದರೆ ಮಾತ್ರ ಅಕ್ಷರಗಳು ಬಾಣಗಳ ಕೆಲಸ ಮಾಡುತ್ತಿದ್ದವು. ಒತ್ತಿಹಿಡಿಯಲು ಮರೆತಾಗಲೆಲ್ಲ ವರದಿಯ ನಡುವೆ ಅಕ್ಷರಗಳು ಸುರಿಯುತ್ತಿದ್ದವು. ಸಹಿ ಹಾಕುವ ಮುನ್ನ ಓದುತ್ತಿದ್ದ ವೈದ್ಯರು ಕನ್ನಡಕ ಮೇಲೆತ್ತಿದರು.

"ಟೈಪಿಸ್ಟಮ್ಮ, ಈ ಪಕ್ಕೆಲುಬಿನ ಮಧ್ಯೆ ಏಳು 'ಕೆ' ಹೇಗೆ ಸೇರ್ಕೊಂಡ್ವು?"

ಅಳಬೇಕೋ ನಗಬೇಕೋ ಆಕೆಗೆ ತೋಚಲಿಲ್ಲ. ಹಳೆಯ ಕೀಬೋರ್ಡನ್ನೇ ಮತ್ತೆ ಸಿಕ್ಕಿಸಿದಳು. ಭುಜ ಮತ್ತೆ ಚುಚ್ಚತೊಡಗಿತು.

ಗಂಡ ದರ್ಜಿ. ಆಕೆ ಹೇಳಿದ್ದನ್ನೆಲ್ಲ ಕೇಳಿಸಿಕೊಂಡು, "ನಿಂಗೆ ಯಾವ ಯಾವ ಕೀ ಬೇಕು?" ಎಂದ.

"ಬಲಗಡೆ ಅಂಕಿ ಬೇಕೇ ಬೇಕು ರೀ. ಅದಿಲ್ದೆ ಕೈಕಾಲೇ ಆಡಲ್ಲ."

ಅವನು ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದ ಒಂದು ಚೂರು ಕೊಟ್ಟ. "ನಾಳೆ ಪ್ರತಿಯೊಂದು ಕೀ ಮೇಲೂ ಗೀಟೆಳಿ. ಸಂಜೆಗೆ ಯಾವುದು ಅಳಿಸಿರುತ್ತೋ ಅದು ಬೇಕು. ಉಳಿದಿದ್ದು ಬೇಡ."

ಮರುದಿನ ಸಂಜೆ ಬಾಣದ ಕೀಗಳು ಒರೆಸಿಟ್ಟಷ್ಟು ಕಪ್ಪಗಿದ್ದವು. ಬಲಗಡೆಯ ಅಂಕಿಗಳ ಗುಂಪಿನಲ್ಲಿ ಮಾತ್ರ ಹದಿನೇಳಕ್ಕೆ ಹದಿನೇಳೂ ಗೀಟು ಹಾಗೇ ಇದ್ದವು. ಅಂಕಿಗಳನ್ನೆಲ್ಲ ಆಕೆ ಒತ್ತುತ್ತಿದ್ದದ್ದು ಮೇಲಿನ ಸಾಲಿನಲ್ಲಿ! ನಂಬಿಕೆಯಾಗದೆ ಇನ್ನೊಂದು ದಿನ ಗೀಟೆಳೆದು ನೋಡಿದಳು. ಅದೇ ಕಥೆ.

"ಹಾಗಾದ್ರೆ ಇಷ್ಟು ವರ್ಷ ನಾನು ಏನು ಮಾಡ್ತಿದ್ದೆ ಅಂತ ನಂಗೇ ಗೊತ್ತಿಲ್ವಾ?" ಎಂದಳು ಗಂಡನಿಗೆ.

ಅವನು ಗುಂಡಿ ಹೊಲಿಯುತ್ತಿದ್ದ. ಬಾಯಲ್ಲಿದ್ದ ದಾರವನ್ನು ಕಚ್ಚಿ ತುಂಡರಿಸಿ, ಮುಂದಿನ ಗುಂಡಿ ಎತ್ತಿಕೊಂಡ.

ಅಂಗಡಿಯವನು ಗೊಣಗುತ್ತಲೇ ಆ ಚಿಕ್ಕ ಕೀಬೋರ್ಡನ್ನು ವಾಪಸು ಪಡೆದು, ಬಾಣಗಳಿದ್ದ ಅರವತ್ತೈದರದ್ದನ್ನು ಕೊಟ್ಟ. ಮೌಸ್ ಹತ್ತಿರ ಬಂತು. ಎರಡು ತಿಂಗಳಲ್ಲಿ ಭುಜದ ನೋವು ಇಳಿಯಿತು. ಆದರೆ ಆಕೆಗೆ ತನ್ನ ಮೇಲಿನ ಅನುಮಾನ ಇಳಿಯಲಿಲ್ಲ.

ಒಂದು ದಿನ ಹೊಸದಾಗಿ ಸೇರಿದ ನರ್ಸ್, ಆಕೆಯ ಕೀಬೋರ್ಡ್ ನೋಡಿ, "ಅಮ್ಮಾ, ಇದ್ರಲ್ಲಿ ಡಿಲೀಟ್ ಎಲ್ಲಿದೆ?" ಎಂದಳು.

ಟೈಪಿಸ್ಟಮ್ಮ ಬಗ್ಗಿ ನೋಡಿದಳು. ದಿನಕ್ಕೆ ನೂರು ಸಲ ಒತ್ತುವ ಕೀ ಕಣ್ಣಿಗೇ ಬೀಳಲೊಲ್ಲದು.

"ತಾಳು ಕಣೇ," ಎಂದು ಬೆರಳುಗಳನ್ನು ಕೀಗಳ ಮೇಲಿಟ್ಟಳು. "ಏನಾದ್ರೂ ತಪ್ಪು ಮಾಡಿ ನೋಡ್ತೀನಿ."