ಅವ್ವನ ಹರಕೆಗೆ ನಡೆದ ಹಾಸ್ಯಗಾರ

ಅವರ ಕಿವಿಯ ಹಿಂದೆ ಸದಾ ಬಿಳಿ ಬಣ್ಣದ ಒಂದು ಗೆರೆ ಇರುತ್ತಿತ್ತು. ನಾಟಕ ಮುಗಿಸಿ ಮುಖ ತೊಳೆದಾಗ ಕೈಗೆ ಸಿಗದೆ ಉಳಿದದ್ದು. ಎಡಗಿವಿ ಎಂದು ಬರೆಯಹೊರಟೆ, ಬಲಗಿವಿಯೂ ಆಗಿರಬಹುದು. ಇಲ್ಲಿನ ಇನ್ನೂ ಕೆಲವು ವಿವರಗಳು ಹೀಗೆಯೇ ಅದಲುಬದಲಾಗಿರಬಹುದು.

ಅವರು ನಾಟಕ ಕಂಪನಿಯೊಂದರ ಹಾಸ್ಯಗಾರರು; ಕಂಪನಿ ಬ್ಯಾಡಗಿಯಲ್ಲಿ ಕ್ಯಾಂಪ್ ಹಾಕಿದ ವರ್ಷ ನಮ್ಮ ಮುಂದಿನ ಖೋಲಿಯಲ್ಲಿ ಬಾಡಿಗೆಗಿದ್ದರು. ನಾನಾಗ ಕಾಲೇಜಿನಲ್ಲಿದ್ದೆ. "ಈ ಊರಾಗ ಜನ ನಗಾಕತ್ತಾರೋ, ಮೆಣಸಿನಕಾಯಿ ಘಾಟಿಗೆ ಕೆಮ್ಮಾಕತ್ತಾರೋ ತಿಳಿಯಾಂಗಿಲ್ಲರಿ" ಎನ್ನುತ್ತಿದ್ದರು. ದೇವರನ್ನು ನಂಬುತ್ತಿರಲಿಲ್ಲ. ಪರದೆ ಏಳುವ ಮುಂಚೆ ಕಂಪನಿಯವರೆಲ್ಲ ಪೂಜೆಗೆ ನಿಂತರೆ ಇವರು ಬಣ್ಣ ಹಚ್ಚಿಕೊಂಡೇ ಹೊರಗೆ ಚಹಾದಂಗಡಿಯಲ್ಲಿ ಕೂತಿರುತ್ತಿದ್ದರು. ಆಮೇಲೆ ಹಂಚುವ ಕೊಬ್ಬರಿ ಚೂರಿಗೆ ಮಾತ್ರ ಇವರ ಕೈ ಎಲ್ಲರಿಗಿಂತ ಮುಂದೆ.

ಆ ವರ್ಷ ನನಗೆ ಕಾಮಾಲೆಯಾಯಿತು. ಮಗಳು ಎದ್ದರೆ ಕದರಮಂಡಲಗಿ ಆಂಜನೇಯನ ಗುಡಿಗೆ ಬರಿಗಾಲಲ್ಲಿ ನಡೆದು ಬರುತ್ತೇನೆಂದು ಅವ್ವ ಹರಕೆ ಹೊತ್ತಳು. ನಾನು ಎದ್ದೆ. ಅವ್ವ ಬಚ್ಚಲಲ್ಲಿ ಜಾರಿ ಕಾಲು ಮುರಿದುಕೊಂಡಳು. ಮಾತು ತಪ್ಪಿದರೆ ನನಗೆ ಮತ್ತೇನಾಗುವುದೋ ಎಂದು ಶನಿವಾರ ಬಂತೆಂದರೆ ಅವಳಿಗೆ ಅಳು. ಅವಳ ಬದಲು ನಡೆಯಲು ಮನೆಯಲ್ಲಿದ್ದವಳು ನಾನೊಬ್ಬಳೇ, ನನಗೋ ಇನ್ನೂ ನಿಶ್ಶಕ್ತಿ.

ಒಂದು ಬೆಳಿಗ್ಗೆ ಅವರು ಚಪ್ಪಲಿ ಕಳಚಿ ಅವ್ವನ ಮಂಚದ ಕೆಳಗಿಟ್ಟರು.

"ಅಕ್ಕಾರ, ಇವನ್ನ ಕಾಯ್ಕೊಂಡಿರ್ರಿ. ನಿಮ್ಮ ಹರಕಿ ನಾ ನಡದು ಬರ್ತೇನಿ."

"ನೀ ದೇವರ ಇಲ್ಲ ಅಂತೀಯಲ್ಲೋ ತಮ್ಮಾ!" ಎಂದಳು ಅವ್ವ.

"ದೇವರ ಇಲ್ಲರಿ. ನೀವು ಮಾತು ಕೊಟ್ಟಿದ್ದಂತೂ ಖರೇ ಐತಲ್ಲ?"

ಮಧ್ಯಾಹ್ನ ಕುಂಟುತ್ತ ಬಂದರು. ಅಂಗಾಲ ತುಂಬ ಬೊಬ್ಬೆ.

"ದರ್ಶನ ಚಲೋ ಆತೇನೋ?"

"ಬಾಗಲದ ತನಕಾ ಹೋಗಿದ್ದೆ ಅಕ್ಕಾರ. ಕಾಯಿ ಬ್ಯಾರೆಯವರ ಕೈಲೆ ಒಳಗ ಕಳಿಸೇನಿ. ನೀವು ನಡದು ಬರ್ತೇನಿ ಅಂದಿದ್ರಿ, ಅಷ್ಟ ಮಾಡೇನಿ."

"ಎಂಥಾ ಭಾಡ್ಯಾ ಅದೀಯೋ!" ಎಂದು ಅವ್ವ ನಕ್ಕಳು. ಕಾಲು ಮುರಿದ ಮೇಲೆ ಅವಳು ನಕ್ಕದ್ದು ಅದೇ ಮೊದಲು.

ಕಂಪನಿ ರಾಣೆಬೆನ್ನೂರಿಗೆ ಹೊರಟಾಗ ಅವ್ವ, ದಿನಾ ನಿನ್ನ ಹೆಸರಲ್ಲಿ ದೇವರಿಗೆ ದೀಪ ಹಚ್ಚುತ್ತೇನೆ ಎಂದಳು.

"ಬ್ಯಾಡ್ರಿ ಅಕ್ಕಾರ. ಸತ್ತ ಮ್ಯಾಲಂತೂ ಹಚ್ಚಲೇಬ್ಯಾಡ್ರಿ. ನಿಮ್ಮ ಮಾತು ನಾ ಉಳಿಸೇನಿ, ನನ್ನ ಮಾತು ನೀವು ಉಳಸ್ರಿ."

ಅವ್ವ ಹೂಂ ಅಂದಳೋ, ಬೈದಳೋ, ನನಗೆ ನೆನಪಿಲ್ಲ.

ಮೂರ್ನಾಲ್ಕು ವರ್ಷದ ನಂತರ, ಹಾವೇರಿಯ ಆಸ್ಪತ್ರೆಯಲ್ಲಿ ಅವರು ತೀರಿಕೊಂಡರೆಂದು ಕಂಪನಿಯವರೊಬ್ಬರು ಫೋನ್ ಮಾಡಿದರು. ಆ ಮುಸ್ಸಂಜೆ ಅವ್ವ ದೇವರ ಮುಂದೆ ಕೂತಿದ್ದಳು. ಹಣತೆಗೆ ಎಣ್ಣೆ ಹಾಕಿದ್ದಳು, ಬತ್ತಿ ಹೊಸೆದಿದ್ದಳು, ಕಡ್ಡಿಪೆಟ್ಟಿಗೆ ಪಕ್ಕದಲ್ಲೇ ಇತ್ತು. ಕತ್ತಲು ಕವಿದರೂ ಕಡ್ಡಿ ಗೀರಲಿಲ್ಲ. ಇದೊಂದರ ಬಗ್ಗೆ ನನಗೆ ಅನುಮಾನವಿಲ್ಲ. ನಾನು ಅವಳನ್ನು ಕೇಳಿದ್ದನ್ನು ಅಂದೇ ಡೈರಿಯಲ್ಲಿ ಬರೆದು, ಉತ್ತರಕ್ಕೆಂದು ಕೆಳಗೆ ಜಾಗ ಬಿಟ್ಟಿದ್ದೆ. ಆ ಜಾಗ ಇನ್ನೂ ಖಾಲಿಯಿದೆ.

"ಅವ್ವಾ, ಇವತ್ತು ದೀಪ ಹಚ್ಚಾಂಗಿಲ್ಲೇನು?"