ಕಡಲಾಚೆಗೆ ಕೊಸರು

ಕಂದು ಬಣ್ಣದ ಅಂಟುಪಟ್ಟಿಯ ತುದಿ ಒಮ್ಮೆ ಸುರುಳಿಗೆ ಅಂಟಿಕೊಂಡಿತೆಂದರೆ ಅದನ್ನು ಹುಡುಕಲು ಉಗುರು, ತಾಳ್ಮೆ, ಕನ್ನಡಕ ಮೂರೂ ಬೇಕು. ತುದಿಯನ್ನು ಚೂರು ಮಡಿಸಿಟ್ಟರೆ ಈ ಪಾಡೇ ಇಲ್ಲ. ಎಸ್ಟೇಟ್ ಆಸ್ಪತ್ರೆಯಲ್ಲಿ ನರ್ಸಾಗಿದ್ದಷ್ಟು ವರ್ಷವೂ ನಾನು ಪ್ಲಾಸ್ಟರಿನ ತುದಿಗಳನ್ನು ಮಡಿಸಿಟ್ಟವಳು, ಮಡಿಸದ ಕಿರಿಯರನ್ನು ಬೈದವಳು. ನಿವೃತ್ತಿಯ ನಂತರ ಆಲ್ದೂರಿನ ಮನೆಯಲ್ಲಿ ಕೂತು ಕಾಳುಮೆಣಸನ್ನು ಹೊರದೇಶಗಳಿಗೆ ಕಳಿಸುವ ಸಣ್ಣ ಆನ್‌ಲೈನ್ ಅಂಗಡಿ ತೆರೆದಾಗ, ಈ ಒಂದು ಶಿಸ್ತಿನ ಬಲದಿಂದಲೇ ಜಗತ್ತನ್ನು ಗೆಲ್ಲುತ್ತೇನೆಂದು ನಂಬಿದ್ದೆ. ನಂಬಿಕೆ ಒಂದೂವರೆ ವರ್ಷ ಬಾಳಿತು.

ವ್ಯವಸ್ಥೆ ನನ್ನದೇ. ಬೆಳಿಗ್ಗೆ ಒಂಬತ್ತಕ್ಕೆ ಮೆಣಸು ಆರಿಸಿ, ಇನ್ನೂರು ಗ್ರಾಂ ತೂಗಿ, ಚೀಲದ ಬಾಯಿ ಬಿಸಿಮಾಡಿ ಮುಚ್ಚುವವಳು ನಾನು. ಅದನ್ನು ರಟ್ಟಿನ ಪೆಟ್ಟಿಗೆಗೆ ಹಾಕಿ ಅಂಟಿಸುವವಳು ಪಕ್ಕದ ಮನೆಯ ಗೌರಮ್ಮ, ಇಪ್ಪತ್ತು ವರ್ಷ ಆಲ್ದೂರು ಸಂತೆಯಲ್ಲಿ ತರಕಾರಿ ಮಾರಿ ಮೊಣಕಾಲು ಸೋತ ಮೇಲೆ ನನ್ನ ಜೊತೆ ಸೇರಿದವಳು. ಕಸ್ಟಮ್ಸ್ ಫಾರಂ ತುಂಬಿ ಅಂಚೆ ಕಚೇರಿಗೆ ಒಯ್ಯುವುದು ಮತ್ತೆ ನಾನೇ. ಗ್ರಾಹಕರು ಬರೆಯುವ ಮೆಚ್ಚುಗೆಯ ಮಾತುಗಳಲ್ಲಿ ‘ನಿಮ್ಮ ಪ್ರೀತಿಗೆ ವಂದನೆ’ ಎಂಬುದು ಪದೇ ಪದೇ ಬರುತ್ತಿತ್ತು. ಅದು ಪೆಟ್ಟಿಗೆಯ ಮೇಲೆ ನಾನು ಬರೆದ ವಿಳಾಸದ ದುಂಡು ಅಕ್ಷರಕ್ಕೆ ಸಂದ ಗೌರವವೆಂದು ಭಾವಿಸಿ ನಾನು ಒಳಗೊಳಗೇ ಉಬ್ಬುತ್ತಿದ್ದೆ.

ಹೋದ ತಿಂಗಳು ನಮ್ಮ ಅಂಗಡಿಗೆ ಜಾಗ ಕೊಟ್ಟ ಜಾಲತಾಣದವರಿಂದ ಒಂದು ಮಿಂಚಂಚೆ ಬಂತು. ಜರ್ಮನಿಗೆ ಹೊರಟ ನಮ್ಮ ಪಾರ್ಸೆಲನ್ನು ಅಲ್ಲಿನ ಸುಂಕದವರು ತಡೆದಿದ್ದರು. ಒಳಗೆ ಘೋಷಿಸದ ವಸ್ತು ಸಿಕ್ಕಿದೆ, ಮೂರು ದಿನದಲ್ಲಿ ಲಿಖಿತ ವಿವರಣೆ ಬಾರದಿದ್ದರೆ ನಿಮ್ಮ ಅಂಗಡಿ ಮುಚ್ಚಲಾಗುತ್ತದೆ ಎಂದಿತ್ತು. ಜೊತೆಗೊಂದು ಚಿತ್ರ. ನೀಲಿ ಕೈಗವಸು ತೊಟ್ಟ ಕೈಯೊಂದು, ಅಳತೆಪಟ್ಟಿ, ಸಂಖ್ಯೆ ಬರೆದ ಚೀಟಿ, ನಡುವೆ ಕನ್ನಡ ಪತ್ರಿಕೆಯ ಚೂರಿನಲ್ಲಿ ಕಟ್ಟಿ ದಾರ ಸುತ್ತಿದ ಪೊಟ್ಟಣ. ಅಪರಾಧ ನಡೆದ ಜಾಗದಲ್ಲಿ ಸಿಕ್ಕ ಆಯುಧದಂತೆ ಅದು ಮಲಗಿತ್ತು. ಇಷ್ಟು ವರ್ಷದ ನೌಕರಿಯಲ್ಲಿ ಒಂದೂ ಮೆಮೋ ಪಡೆಯದ ನಾನು ಈ ಇಳಿವಯಸ್ಸಿನಲ್ಲಿ ಕಳ್ಳಸಾಗಣೆಯವಳಾಗಿದ್ದೆ.

ದಾರದ ಗಂಟು ಗುರುತಿನದೇ. ಗೌರಮ್ಮನನ್ನು ಕರೆದು ಚಿತ್ರ ತೋರಿಸಿದೆ. ಅವಳು ಬಗ್ಗಿ ನೋಡಿ, ನೆಂಟರ ಫೋಟೋ ಕಂಡವಳಂತೆ ನಕ್ಕಳು.

“ಹೌದು, ನಂದೇ. ಒಂದು ಮುಷ್ಟಿ ಕೊಸರು ಹಾಕಿದ್ದೆ.”

“ಯಾವಾಗಿಂದ?”

“ಶುರುವಿಂದ್ಲೂ. ನೀವು ಚೀಲದ ಬಾಯಿ ಮುಚ್ಚಿಬಿಡ್ತೀರಲ್ಲ ಸಿಸ್ಟ್ರೇ, ಮತ್ತೆ ಪೊಟ್ಟಣ ಕಟ್ಟದೆ ಎಂಥ ಮಾಡ್ಲಿ? ಮೆಣಸು ನಮ್ಮನೆ ಬಳ್ಳಿದು, ನಿಮ್ದಲ್ಲ.”

ಒಂದೂವರೆ ವರ್ಷದಿಂದ ನಾನು ಸಹಿ ಹಾಕಿದ ಪ್ರತಿಯೊಂದು ಫಾರಮ್ಮೂ ಸುಳ್ಳು. ಅದಕ್ಕಿಂತ ದೊಡ್ಡ ಆಘಾತ ಆಮೇಲೆ ಬಂತು. ಪ್ರತಿ ಪೆಟ್ಟಿಗೆಯ ಒಟ್ಟು ತೂಕವನ್ನೂ ನಾನೇ ಬರೆಯುತ್ತಿದ್ದೆನಲ್ಲ, ಆ ಹೆಚ್ಚುವರಿ ಮುಷ್ಟಿ ಹೇಗೆ ತಪ್ಪಿಸಿಕೊಂಡಿತು? ನಿಜ ಹೇಳಿಬಿಡುತ್ತೇನೆ, ನಿಮ್ಮಲ್ಲೇ ಇರಲಿ. ಅದೇ ಪೆಟ್ಟಿಗೆ, ಅದೇ ಚೀಲ, ಅದೇ ಅಂಟು ಎಂದು ಮೊದಲ ದಿನ ತೂಗಿದ ಅಂಕಿಯನ್ನೇ ದಿನವೂ ಇಳಿಸುತ್ತಿದ್ದೆ. ನಿನ್ನೆಯ ಜ್ವರವನ್ನೇ ಇವತ್ತಿನ ಚಾರ್ಟಿಗೆ ಬರೆದ ಹುಡುಗಿಯೊಬ್ಬಳನ್ನು ವಾರ್ಡಿನಲ್ಲಿ ಎಲ್ಲರೆದುರು ಅಳಿಸಿದವಳು ನಾನು. ಅಂಚೆಯವರೂ ನನ್ನ ಮೇಲಿನ ವಿಶ್ವಾಸದಿಂದ ಸುಮ್ಮನಿದ್ದಿರಬೇಕು.

ವಿವರಣೆಯ ಹಾಳೆಯಲ್ಲಿ ‘ಪಾರ್ಸೆಲ್ ಕಟ್ಟಿದವರ ಹೆಸರು’ ಎಂಬ ಕಲಂ ಇತ್ತು. ಅಲ್ಲಿ ನನ್ನ ಹೆಸರೇ ಬರೆದೆ, ಅದರ ಮುಂದೆ ತೂಕ ನೋಡದ ತಪ್ಪನ್ನೂ. ಆದರೆ ಕೊಸರೆಂದರೇನು ಎಂದು ವಿವರಿಸಲು ಹೊರಟಾಗ ಪೆನ್ನು ನಿಂತಿತು. ತಕ್ಕಡಿಯ ತಟ್ಟೆಗಳು ಸಮನಾದ ಮೇಲೂ ಮಾರುವವಳ ಕೈ ಮತ್ತೊಮ್ಮೆ ರಾಶಿಗೆ ಹೋಗುತ್ತದಲ್ಲ, ಆ ಎರಡನೆಯ ಪಯಣಕ್ಕೆ ಯಾವ ದೇಶದ ಸುಂಕದ ಪಟ್ಟಿಯಲ್ಲಿ ಹೆಸರಿದೆ? ‘ನಮ್ಮ ಕಡೆಯ ಪದ್ಧತಿ, ದುರುದ್ದೇಶವಿಲ್ಲ’ ಎಂದಷ್ಟೇ ಬರೆದೆ. ನಾಲ್ಕನೆಯ ದಿನ ಉತ್ತರ ಬಂತು. ಅಂಗಡಿ ಉಳಿದಿದೆ, ಇನ್ನು ಮುಂದೆ ಎಲ್ಲವನ್ನೂ ಘೋಷಿಸಿ, ಪೊಟ್ಟಣವನ್ನು ನಾಶಪಡಿಸಲಾಗಿದೆ.

“ಮೆಣಸನ್ನ ನಾಶ ಮಾಡಿದ್ರಾ?” ಗೌರಮ್ಮ ಕುರ್ಚಿ ಹಿಡಿದು ಕೂತಳು. ಈಗ ಆಘಾತದ ಸರದಿ ಅವಳದು.

ಇನ್ನು ಕೊಸರು ಬೇಡವೆಂದೆ. ಹಾಗಾದರೆ ತಾನೂ ಬೇಡ ಎಂದಳು. “ಅಳತೆಗೆ ಸರಿಯಾಗಿ ಕೊಟ್ಟು ಕೈ ಕೊಡವೋದು ವ್ಯಾಪಾರ ಅಲ್ಲ ಮಾರಾಯ್ತಿ, ಪಾಲು ಮಾಡೋದು. ನಂಗಾಗಲ್ಲ.” ಅವಳು ನನ್ನನ್ನು ಸಿಸ್ಟ್ರೇ ಎನ್ನದೆ ಮಾರಾಯ್ತಿ ಎಂದದ್ದು ಅದೇ ಮೊದಲು.

ಎರಡು ದಿನ ಅವಳು ಬರಲಿಲ್ಲ. ಆ ಎರಡು ದಿನ ಪೆಟ್ಟಿಗೆಗಳನ್ನು ನಾನೊಬ್ಬಳೇ ಕಟ್ಟಿದೆ. ಎಲ್ಲವೂ ನಿಯಮಬದ್ಧ, ಎಲ್ಲವೂ ಆಸ್ಪತ್ರೆಯಿಂದ ಕಳಿಸಿದ ಔಷಧಿಯಂತೆ. ಮೂರನೆಯ ದಿನ ಅವಳ ಮನೆಗೆ ಹೋಗಿ, ಕೊಸರನ್ನೂ ಫಾರಮ್ಮಿನಲ್ಲಿ ಬರೆದುಬಿಡೋಣವೆಂದು ಒಪ್ಪಿಸಿ ಕರೆತಂದೆ. ಎರಡನೆಯ ಸಾಲಿನಲ್ಲಿ ‘ಕಾಳುಮೆಣಸು, ಉಚಿತ’ ಎಂದು ಕಂಪ್ಯೂಟರಿನಲ್ಲಿ ಒತ್ತಿದೆ. ಬೆಲೆಯ ಕಲಮ್ಮಿಗೆ ಸೊನ್ನೆ ಹಾಕಿದರೆ ಕೆಂಪಕ್ಷರದಲ್ಲಿ ಗದರಿಸಿತು. ಒಂದು ಎಂದು ಹಾಕಿದೆ.

“ಅದೆಂಥ ಒಂದು?”

“ಕೊಸರಿನ ಬೆಲೆ.”

ಅವಳು ಪೊಟ್ಟಣವನ್ನು ಪೆಟ್ಟಿಗೆಯಿಂದ ತೆಗೆದು ಮಡಿಲಿಗೆ ಹಾಕಿಕೊಂಡಳು. “ಬೆಲೆ ಹಾಕಿದ್ಮೇಲೆ ಅದು ಮಾರಿದ್ದು.”

ನಾನು ಆ ಸಾಲು ಅಳಿಸಿದೆ. ಪೂರ್ತಿ ಗ್ರಾಮನ್ನಷ್ಟೇ ತೋರಿಸುವ ತೂಕದ ಮಿಷನ್ನಿನ ಮೇಲೆ ಹೊಸ ಚೀಲವಿಟ್ಟೆ. ಇನ್ನೂರು. ಬಾಯಿ ಮುಚ್ಚುವ ಮೊದಲೇ ಗೌರಮ್ಮ ಒಂದು ಕಾಳು ಹಾಕಿದಳು. ಇನ್ನೂರು. ಇನ್ನೊಂದು, ಮತ್ತೊಂದು. ಎಂಟನೆಯದಕ್ಕೆ ಅಂಕಿ ಇನ್ನೂರ ಒಂದಕ್ಕೆ ಹಾರಿತು, ಆ ಕಾಳನ್ನು ಹಿಂದಕ್ಕೆ ತೆಗೆದಳು.

“ಕಾಗದದಲ್ಲಿ ಎಷ್ಟು ಬರ್ದಿದೀರಿ?”

“ಇನ್ನೂರು.”

“ಮಿಷನ್ ಎಷ್ಟು ಹೇಳ್ತು?”

“ಇನ್ನೂರು.”

“ಮತ್ತೆ?”

ನಾನು ಚೀಲದ ಬಾಯಿ ಮುಚ್ಚಿ ಸಹಿ ಹಾಕಿದೆ. ಎರಡನೆಯ ಚೀಲ ತೂಗಿದಾಗ ಅವಳು ಪೆಟ್ಟಿಗೆ ಮಡಿಸುತ್ತಿದ್ದಳು, ಅವಳ ಕೈಗೆ ನಾನು ಕಾಯಲಿಲ್ಲ. ಒಂದೊಂದೇ ಕಾಳು ಎಣಿಸಿ ಹಾಕುತ್ತ ಏಳನೆಯದಕ್ಕೆ ಬಂದಾಗ, ಅಂಕಿ ಎಲ್ಲಿ ಕದಲೀತೋ ಎಂದು ಕನ್ನಡಕ ಸರಿಪಡಿಸಿಕೊಂಡು ಮಿಷನ್ನಿನ ಮೇಲೆ ಬಗ್ಗಿದೆ.